ಮೊದಲ ಭೇಟಿಯಲ್ಲಿ ಪ್ರಶ್ನೆ ಕೇಳುವ ಹಕ್ಕು ನಿಮಗೂ ಇದೆ

(ಮೈಸೂರಿನಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಅವರ ಮನೆಯವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಕೆಲವು ಕಡೆ ವಿವರ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವಳು. ಚಿಕಿತ್ಸೆ ಕೊಡುವವಳಲ್ಲ, ನನ್ನದೊಂದು ಕ್ಲಿನಿಕ್ಕೂ ಇಲ್ಲ. ಆದರೂ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಯಾರಾದರೂ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳುತ್ತಾರೆ: "ಮೇಡಂ, ನಮ್ಮ ಹುಡುಗನ್ನ ಯಾರಿಗಾದ್ರೂ ತೋರಿಸ್ಬೇಕಿತ್ತು. ಮೈಸೂರಲ್ಲಿ ಯಾರು ಚೆನ್ನಾಗಿ ನೋಡ್ತಾರೆ? ಒಂದು ಹೆಸರು ಹೇಳಿ." ಎಲ್ಲರಿಗೂ ಬೇಕಾಗಿರುವುದು ಹೆಸರು. ಆ ಹೆಸರಿನವರ ಮುಂದೆ ಹೋಗಿ ಕೂತಾಗ ನಾವು ಏನು ಕೇಳಬೇಕು ಅಂತ ಯಾರೂ ವಿಚಾರಿಸುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಅದರ ಬಗ್ಗೆಯೇ.

ಖಾಸಗಿಯಾಗಿ ಥೆರಪಿ, ಅಂದರೆ ಮನಸ್ಸಿಗೆ ಮಾತಿನ ಚಿಕಿತ್ಸೆ, ಕೊಡುವವರ ಹತ್ತಿರ ಹೋಗುವುದು ಅಂದರೆ ನಿಮ್ಮ ದುಡ್ಡು, ನಿಮ್ಮ ಸಮಯ, ಅದಕ್ಕಿಂತ ಹೆಚ್ಚಾಗಿ ಮನೆಯವರಿಗೂ ಹೇಳದ ಮಾತುಗಳನ್ನು ಒಬ್ಬ ಅಪರಿಚಿತರ ಕೈಗೆ ಕೊಡುವುದು. ಹಾಗಿದ್ದ ಮೇಲೆ ಅವರು ಏನು ಓದಿದ್ದಾರೆ, ಹೇಗೆ ಕೆಲಸ ಮಾಡುತ್ತಾರೆ, ಎಷ್ಟು ತೆಗೆದುಕೊಳ್ಳುತ್ತಾರೆ, ನಿಮ್ಮ ಮಾತು ಎಲ್ಲಿಯವರೆಗೆ ಗುಟ್ಟಾಗಿ ಉಳಿಯುತ್ತದೆ, ಇದೆಲ್ಲವನ್ನೂ ಶುರು ಮಾಡುವ ಮುಂಚೆಯೇ ಕೇಳಬೇಕು. ನಮ್ಮ ಕಡೆಯವರಿಗೆ ಇದು ಸುಲಭವಲ್ಲ. ಡಾಕ್ಟರ ಮುಂದೆ ಕೈಕಟ್ಟಿ ಕೂರುವುದನ್ನೇ ಮರ್ಯಾದೆ ಅಂತ ಕಲಿತವರು ನಾವು. ಆದರೆ ಒಳ್ಳೆಯ ಥೆರಪಿಸ್ಟ್ ಯಾರೂ ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವುದಿಲ್ಲ. ಸಿಂಡರಿಸಿದರು ಅಂದರೆ, ನಿಮಗೆ ಬೇಕಿದ್ದ ಉತ್ತರ ಅಲ್ಲೇ ಸಿಕ್ಕಿತು.

ಈ ಊರಿನಲ್ಲಿ ಈ ಮಾತು ಆಡಲು ಇನ್ನೊಂದು ಕಾರಣವೂ ಇದೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು. ದೇಶದಲ್ಲಿ ಬಹಳ ಕಡೆ ಈ ವಿಷಯದ ಹೆಸರೇ ಕೇಳಿರದ ಕಾಲದಲ್ಲಿ ಇಲ್ಲಿ ಅದಕ್ಕೆ ಪ್ರಯೋಗಾಲಯ ಇತ್ತು. ನೂರು ವರ್ಷ ದಾಟಿದರೂ ಅದೇ ಊರಿನಲ್ಲಿ ನಾವು ಮನಸ್ಸಿನ ಚಿಕಿತ್ಸೆಯ ಬಗ್ಗೆ ಕಿವಿಯಲ್ಲಿ ಪಿಸುಗುಡುತ್ತಿದ್ದೇವೆ. ನನಗೆ ಇದು ನಿಜವಾಗಿ ನೋವಿನ ಸಂಗತಿ. ಪಿಸುಗುಟ್ಟುವ ಕಡೆ ವಿಚಾರಣೆ ಇರುವುದಿಲ್ಲ, ವಿಚಾರಣೆ ಇಲ್ಲದ ಕಡೆ ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು.

ಆ ಬೋರ್ಡಿನಿಂದಲೇ ಶುರು ಮಾಡೋಣ. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ, ಗೋಕುಲಂ ಕಡೆ ಒಂದು ಸುತ್ತು ಹಾಕಿ. ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಕೌನ್ಸೆಲರ್, ಲೈಫ್ ಕೋಚ್, ಹಿಪ್ನೋಥೆರಪಿಸ್ಟ್ ಅಂತ ನಾನಾ ಬಗೆಯ ಬೋರ್ಡು ಕಾಣುತ್ತವೆ. ಎಲ್ಲರೂ ಒಂದೇ ಕೆಲಸ ಮಾಡುವವರು ಅಂದುಕೊಳ್ಳಬೇಡಿ.

ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ.ಯೋ ಅದಕ್ಕೆ ಸಮನಾದದ್ದನ್ನೋ ಓದಿದವರು. ಮಾತ್ರೆ ಬರೆದುಕೊಡುವ ಅಧಿಕಾರ ಇರುವುದು ಅವರಿಗೆ. ಅವರಲ್ಲಿ ಕೆಲವರು ಥೆರಪಿಯನ್ನೂ ಕೊಡುತ್ತಾರೆ, ಬಹಳ ಮಂದಿಗೆ ಅಷ್ಟು ಸಮಯವಿರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಬೇರೆ. ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ರೋಗಿಗಳನ್ನು ನೋಡುತ್ತಾ ತರಬೇತಿ ಪಡೆದವರು. ಇಷ್ಟು ವರ್ಷ ಅದು ಮುಖ್ಯವಾಗಿ ಎರಡು ವರ್ಷದ ಎಂ.ಫಿಲ್. ರೂಪದಲ್ಲಿತ್ತು. ಇವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ, ನೋಂದಣಿ ಮಾಡಿಸಿಕೊಂಡಿರಬೇಕು. 1992ರ ಕಾಯ್ದೆಯ ನಿಯಮ ಅದು. ನೋಂದಣಿ ಆದವರಿಗೆ ಒಂದು ಸಂಖ್ಯೆ ಇರುತ್ತದೆ. ಕೇಳಿದರೆ ಹೇಳುತ್ತಾರೆ, ಮಂಡಳಿಯ ಜಾಲತಾಣದಲ್ಲಿ ನೀವೇ ಹುಡುಕಿಯೂ ನೋಡಬಹುದು.

ತೊಡಕು ಇರುವುದು ಇದರ ಆಚೆಗೆ. ಕೌನ್ಸೆಲರ್, ಸೈಕೋಥೆರಪಿಸ್ಟ್ ಅಂತ ಕರೆದುಕೊಳ್ಳಲು ಇಷ್ಟೇ ಓದಿರಬೇಕು ಅನ್ನುವ ಕಟ್ಟುನಿಟ್ಟು ನಮ್ಮಲ್ಲಿ ಇಷ್ಟು ಕಾಲ ಇರಲಿಲ್ಲ. ಆರೋಗ್ಯ ಕ್ಷೇತ್ರದ ಇತರ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರ ಕಾಯ್ದೆಯು ಸೈಕಾಲಜಿಸ್ಟರನ್ನೂ ಆಪ್ತಸಮಾಲೋಚಕರನ್ನೂ ತನ್ನ ಪಟ್ಟಿಗೆ ಸೇರಿಸಿದೆ. ಅದರ ಪ್ರಕಾರ ಎಲ್ಲರ ನೋಂದಣಿ ನಡೆಯುವ ವ್ಯವಸ್ಥೆ ಊರೂರಿಗೆ ಬರಬೇಕಷ್ಟೇ. ಅಲ್ಲಿಯವರೆಗೆ ಕೇಳುವ ಕೆಲಸ ನಮ್ಮದೇ. ಎಂ.ಎಸ್ಸಿ. ಮಾಡಿ, ಚೆನ್ನಾಗಿ ತರಬೇತಿ ಪಡೆದು, ಇವತ್ತಿಗೂ ತಮಗಿಂತ ಹಿರಿಯರ ಹತ್ತಿರ ಕಷ್ಟದ ಪ್ರಕರಣಗಳನ್ನು ಚರ್ಚಿಸುವ ಕೌನ್ಸೆಲರುಗಳನ್ನು ನಾನು ಬಲ್ಲೆ. ಅವರ ಬಗ್ಗೆ ಗೌರವವಿದೆ. ಆದರೆ ಎರಡು ದಿನದ ಶಿಬಿರ ಮುಗಿಸಿ, ಫ್ರೇಮು ಹಾಕಿಸಿದ ಸರ್ಟಿಫಿಕೇಟು ಗೋಡೆಗೆ ತೂಗುಹಾಕಿದವರೂ ಅದೇ ಬೀದಿಯಲ್ಲಿ ಇರಬಹುದು. ಹೆಸರಿನ ಹಿಂದೆ 'ಡಾ.' ಇದ್ದರೆ ಪಿಎಚ್.ಡಿ. ಇರಬಹುದು, ಇನ್ನಾವುದೋ ವಿಷಯದ್ದೂ ಇರಬಹುದು. ಹಾಗಾಗಿ ನೇರವಾಗಿ ಕೇಳಿ: "ನೀವು ಏನು ಓದಿದ್ದೀರಿ, ಎಲ್ಲಿ ತರಬೇತಿ ಆಯ್ತು? ನನ್ನಂಥ ತೊಂದರೆ ಇರೋರನ್ನ ಮೊದಲು ನೋಡಿದ್ದೀರಾ? ಕಷ್ಟ ಅನ್ನಿಸಿದಾಗ ನೀವು ಯಾರನ್ನ ಕೇಳ್ತೀರಿ?" ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ತನಗೂ ಮಾರ್ಗದರ್ಶನ ಬೇಕು ಅಂತ ಒಪ್ಪುವವರು ತಮ್ಮ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡವರು.

ಕೆಲವು ಸಂದರ್ಭದಲ್ಲಿ ಥೆರಪಿಸ್ಟ್‌ಗಿಂತ ಮೊದಲು ಮನೋವೈದ್ಯರ ಹತ್ತಿರವೇ ಹೋಗಬೇಕು. ಇಲ್ಲದ ದನಿಗಳು ಕೇಳಿಸುತ್ತಿವೆ, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನಿಸುತ್ತಿದೆ, ದಿನಗಟ್ಟಲೆ ನಿದ್ದೆಯಿಲ್ಲದೆ ಅತಿಯಾದ ಹುರುಪಿನಲ್ಲಿ ಸಿಕ್ಕಾಪಟ್ಟೆ ದುಡ್ಡು ಖರ್ಚಾಗುತ್ತಿದೆ, ಊಟವೇ ನಿಂತುಹೋಗಿದೆ, ಸಾಯಬೇಕು ಅನ್ನುವ ಯೋಚನೆ ಬಿಡುತ್ತಿಲ್ಲ ಅಂದರೆ ಬರೀ ಮಾತಿನ ಚಿಕಿತ್ಸೆಯಿಂದ ಶುರು ಮಾಡಬೇಡಿ. ಇನ್ನೊಂದು ಸಣ್ಣ ಮಾತು: ಸುಸ್ತು, ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಥೈರಾಯ್ಡ್ ಕಡಿಮೆಯಾದಾಗಲೂ ಬರುತ್ತದೆ, ರಕ್ತಹೀನತೆಯಲ್ಲೂ ಬರುತ್ತದೆ, ವಿಟಮಿನ್ ಬಿ12 ಕೊರತೆಯಲ್ಲೂ ಬರುತ್ತದೆ. ಸಸ್ಯಾಹಾರಿಗಳಲ್ಲಿ ಈ ಬಿ12 ಕೊರತೆ ಸಾಮಾನ್ಯ. ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಒಂದು ರಕ್ತಪರೀಕ್ಷೆ ಮಾಡಿಸಿಕೊಂಡೇ ಹೋಗಿ.

ಖಾಸಗಿಯವರೇ ಬೇಕಾ ಅಂತಲೂ ಒಮ್ಮೆ ಯೋಚಿಸಿ. ಮೈಸೂರಿನಲ್ಲಿ ಸರ್ಕಾರದ ಕೆ.ಆರ್. ಆಸ್ಪತ್ರೆ ಇದೆ, ಟ್ರಸ್ಟ್ ನಡೆಸುವ ಜೆ.ಎಸ್.ಎಸ್. ಆಸ್ಪತ್ರೆ ಇದೆ. ಮಾತು, ಕಲಿಕೆ, ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ. ಮಂಡ್ಯದವರಿಗೆ ಮಿಮ್ಸ್ ಅನ್ನುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ಮಾಡಿದೆ. ಇಲ್ಲೆಲ್ಲ ಖರ್ಚು ಕಡಿಮೆ. ಕೊರತೆ ಇರುವುದು ಸಮಯದ್ದು. ಹೊರಗೆ ಸಾಲು ನಿಂತಿರುವಾಗ ಒಬ್ಬರ ಕಥೆಯನ್ನು ಮುಕ್ಕಾಲು ಗಂಟೆ ಕೂತು ಕೇಳುವುದು ಅಲ್ಲಿನವರಿಗೆ ಬಹಳ ಕಷ್ಟ. ಖಾಸಗಿಯಲ್ಲಿ ನೀವು ದುಡ್ಡು ಕೊಡುವುದು ಆ ಸಮಯಕ್ಕೆ, ಪ್ರತಿ ಸಲವೂ ಅದೇ ವ್ಯಕ್ತಿ ಸಿಗುವುದಕ್ಕೆ. ಎರಡನ್ನೂ ಜೋಡಿಸಬಹುದು ಅನ್ನುವುದು ಎಷ್ಟೋ ಮಂದಿಗೆ ಹೊಳೆಯುವುದಿಲ್ಲ: ಔಷಧಿಗೆ ಸರ್ಕಾರಿ ಆಸ್ಪತ್ರೆ, ಥೆರಪಿಗೆ ಮಾತ್ರ ಖಾಸಗಿ. ಕೈಯಲ್ಲಿ ಕಡಿಮೆ ದುಡ್ಡಿರುವ ಮನೆಗಳಿಗೆ ನಾನು ಹೇಳುವುದು ಇದನ್ನೇ.

ದುಡ್ಡಿನ ವಿಷಯ ಬಿಚ್ಚಿ ಮಾತಾಡೋಣ. ಒಂದು ಭೇಟಿ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ. ಲೆಕ್ಕಕ್ಕೆ ಒಂದು ಭೇಟಿಗೆ 1,000 ರೂಪಾಯಿ ಅಂತ ಇಟ್ಟುಕೊಳ್ಳಿ. ವಾರಕ್ಕೊಂದರಂತೆ ಮೂರು ತಿಂಗಳಿಗೆ 12,000 ದಾಟುತ್ತದೆ. ಮೊದಲ ಎರಡು ಭೇಟಿಗೆ ದುಡ್ಡು ಹೊಂದಿಸಿ, ಮೂರನೆಯದಕ್ಕೆ ಕೈ ಖಾಲಿಯಾಗಿ ಬಿಟ್ಟುಬಿಡುವವರು ಬಹಳ. ಆಗ ಹೋದದ್ದು ದುಡ್ಡು ಮಾತ್ರವಲ್ಲ, 'ಇದರಿಂದ ಏನೂ ಆಗಲ್ಲ' ಅನ್ನುವ ಭಾವನೆಯೂ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದಕ್ಕೇ ಮೊದಲ ದಿನವೇ ಕೇಳಿ: ಫೀಸು ಎಷ್ಟು, ಅಂದಾಜು ಎಷ್ಟು ಭೇಟಿ ಬೇಕಾಗಬಹುದು, ಬರಲಾಗದಿದ್ದರೆ ಎಷ್ಟು ಮುಂಚೆ ತಿಳಿಸಬೇಕು, ತಿಳಿಸದಿದ್ದರೆ ಫೀಸು ಕೊಡಬೇಕಾ, ರಸೀದಿ ಸಿಗುತ್ತದಾ. ಆತಂಕ, ಖಿನ್ನತೆಗೆ ಸಿ.ಬಿ.ಟಿ. ಅನ್ನುವ, ಯೋಚನೆ ಮತ್ತು ನಡವಳಿಕೆಯ ಜಾಡನ್ನು ಬದಲಿಸಿಕೊಳ್ಳಲು ಕಲಿಸುವ ಪದ್ಧತಿಯಲ್ಲಿ ಸಾಮಾನ್ಯವಾಗಿ 12ರಿಂದ 20 ಭೇಟಿ ಅಂತ ಲೆಕ್ಕ ಹಾಕುತ್ತಾರೆ. ಬಾಲ್ಯದಿಂದ ಬಂದ ಹಳೆಯ ಗಾಯಗಳಿಗೆ ಇನ್ನೂ ಹೆಚ್ಚು ಬೇಕಾಗಬಹುದು. ವಿದ್ಯಾರ್ಥಿಗಳಿಗೆ, ಕಷ್ಟದಲ್ಲಿರುವವರಿಗೆ ಫೀಸು ಕಡಿಮೆ ಮಾಡುವ ಥೆರಪಿಸ್ಟರು ಇದ್ದಾರೆ, ಆದರೆ ಅವರಾಗಿ ಹೇಳುವುದು ಅಪರೂಪ. ನೀವೇ ಕೇಳಬೇಕು, ಕೇಳುವುದರಲ್ಲಿ ಅವಮಾನ ಏನೂ ಇಲ್ಲ. ಒಂದೇ ಒಂದನ್ನು ಮಾಡಬೇಡಿ: ಮೊದಲ ಭೇಟಿಯಲ್ಲೇ ಹತ್ತಿಪ್ಪತ್ತು ಭೇಟಿಯ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ಆ ಮನುಷ್ಯರ ಹತ್ತಿರ ನಿಮಗೆ ಮಾತಾಡಲು ಆಗುತ್ತದೋ ಇಲ್ಲವೋ ಅನ್ನುವುದೇ ಇನ್ನೂ ಗೊತ್ತಿಲ್ಲವಲ್ಲ.

ವಿಮೆ ಬಗ್ಗೆ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೇಹದ ಕಾಯಿಲೆಗೆ ಇರುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಅನ್ನುತ್ತದೆ. ಆದರೆ ನಮ್ಮ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುವಂಥವು. ವಾರಕ್ಕೊಮ್ಮೆ ಹೋಗಿ ಬರುವ ಥೆರಪಿಗೆ ಹೊರರೋಗಿ ವಿಭಾಗದ ಸೌಲಭ್ಯ ಪಾಲಿಸಿಯಲ್ಲಿ ಬೇರೆಯಾಗಿ ಇರಬೇಕು. ಏಜೆಂಟರನ್ನು ಈ ಒಂದು ಪ್ರಶ್ನೆ ಕೇಳಿ ತಿಳಿದುಕೊಳ್ಳಿ.

ಈಗ ಗುಟ್ಟಿನ ವಿಷಯ. ನನ್ನ ಅನುಭವದಲ್ಲಿ ಜನ ಥೆರಪಿಗೆ ಹೋಗದೆ ಉಳಿಯುವುದು ದುಡ್ಡಿಗಿಂತ ಹೆಚ್ಚಾಗಿ ಈ ಹೆದರಿಕೆಯಿಂದ. ಮೈಸೂರು ದೊಡ್ಡ ಊರು ಅನ್ನುತ್ತೇವೆ, ಆದರೆ ಯಾವ ವೇಟಿಂಗ್ ರೂಮಿನಲ್ಲಿ ಕೂತರೂ ನಿಮ್ಮ ಭಾವಮೈದುನನ ಸಹಪಾಠಿಯೊಬ್ಬರು ಸಿಕ್ಕೇ ಸಿಗುತ್ತಾರೆ. ಮಂಡ್ಯದಲ್ಲಂತೂ ಇನ್ನೂ ಕಷ್ಟ. ಊರಿನಲ್ಲಿ ಯಾರಾದರೂ ನೋಡಿಯಾರು ಅಂತ ಮಂಡ್ಯದವರು ಬೆಳಗಿನ ರೈಲು ಹತ್ತಿ ಮೈಸೂರಿಗೆ ಬರುತ್ತಾರೆ. ಮೈಸೂರಿನವರು ಮೈಸೂರು ಬೇಡ ಅಂತ ಬೆಂಗಳೂರಿನವರ ಹತ್ತಿರ ಆನ್‌ಲೈನ್‌ನಲ್ಲಿ ಮಾತಾಡುತ್ತಾರೆ. ಮಗಳ ಮದುವೆ ಮಾತುಕತೆ ನಡೆಯುತ್ತಿರುವಾಗ ಈ ವಿಷಯ ಹೊರಬಿದ್ದರೆ ಏನು ಗತಿ ಅಂತ ತಾಯಂದಿರು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ನಮ್ಮ ಸಮಾಜ ಅದಕ್ಕೆ ಕಾರಣ ಕೊಟ್ಟಿದೆ.

ಕಾನೂನು ನಿಮ್ಮ ಕಡೆ ಇದೆ. ಅದೇ 2017ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಮಾನಸಿಕ ಆರೋಗ್ಯದ ವಿವರ, ನೀವು ಪಡೆದ ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದು ನಿಮ್ಮ ಹಕ್ಕು. ಆದರೆ ಆ ಹಕ್ಕಿಗೆ ಕೆಲವು ವಿನಾಯಿತಿಗಳಿವೆ, ಅವನ್ನು ಮೊದಲೇ ತಿಳಿದಿರಬೇಕು. ನಿಮ್ಮ ಪ್ರಾಣಕ್ಕೋ ಬೇರೆಯವರ ಪ್ರಾಣಕ್ಕೋ ಅಪಾಯ ಇದೆ ಅನ್ನಿಸಿದರೆ ಅದನ್ನು ತಡೆಯುವಷ್ಟರ ಮಟ್ಟಿಗೆ ಥೆರಪಿಸ್ಟ್ ಬೇರೆಯವರಿಗೆ ತಿಳಿಸಬಹುದು. ನ್ಯಾಯಾಲಯದ ಆದೇಶ ಬಂದರೆ ಕೊಡಬೇಕಾಗುತ್ತದೆ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅದನ್ನು ವರದಿ ಮಾಡಲೇಬೇಕು. ಮಾಡದಿದ್ದರೆ ಅವರಿಗೇ ಶಿಕ್ಷೆ. ಒಳ್ಳೆಯ ಥೆರಪಿಸ್ಟ್ ಈ ಎಲ್ಲವನ್ನೂ ಮೊದಲ ಭೇಟಿಯಲ್ಲಿ ತಾವಾಗಿಯೇ ವಿವರಿಸುತ್ತಾರೆ. "ನೀವು ಹೇಳಿದ್ದು ಯಾವತ್ತೂ ಯಾರಿಗೂ ಹೇಳಲ್ಲ" ಅಂತ ಸಾರಾಸಗಟಾಗಿ ಮಾತು ಕೊಟ್ಟುಬಿಡುವವರಿಗೆ ನಿಯಮ ಗೊತ್ತಿಲ್ಲ ಅಂತ ತಿಳಿಯಿರಿ.

ಕಾನೂನಿನ ಪುಸ್ತಕದಲ್ಲಿ ಇಲ್ಲದ, ನಮ್ಮ ಮನೆಗಳಲ್ಲಿ ಮಾತ್ರ ಬರುವ ಪ್ರಶ್ನೆಗಳೂ ಇವೆ. ದುಡ್ಡು ಕೊಡುವುದು ಅಪ್ಪ, ಥೆರಪಿ ಮಗನದು. ಹೊರಗೆ ಕೂತ ಅಪ್ಪ, ಮಗ ಸ್ಕೂಟರ್ ತೆಗೆಯಲು ಹೋದಾಗ ಒಳಗೆ ಹೋಗಿ "ಏನಂದ ಸರ್ ಅವನು? ಯಾವುದಾದ್ರೂ ಹುಡುಗಿ ವಿಷಯವಾ?" ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಗೊತ್ತು. ಆದರೆ ಮಗ ಹದಿನೆಂಟು ದಾಟಿದವನಾಗಿದ್ದರೆ ಅವನ ಒಪ್ಪಿಗೆ ಇಲ್ಲದೆ ಉತ್ತರ ಹೇಳುವಂತಿಲ್ಲ. ಚಿಕ್ಕವನಾಗಿದ್ದರೆ ಏನನ್ನು ತಂದೆತಾಯಿಗೆ ಹೇಳಬೇಕು, ಏನನ್ನು ಹೇಳಬಾರದು ಅಂತ ಮೂವರೂ ಕೂತು ಮೊದಲೇ ಮಾತಾಡಿಕೊಳ್ಳಬೇಕು. ಇಲ್ಲಿರುವ ತಂದೆತಾಯಿಯರಲ್ಲಿ ನಾನು ಕೈಮುಗಿದು ಕೇಳುತ್ತೇನೆ: ಆ ಬಾಗಿಲ ಹೊರಗೆ ಉಳಿಯುವುದು ನಿಮಗೆ ಕಷ್ಟವಾದರೂ ಉಳಿಯಿರಿ. ಒಳಗೆ ಆಡಿದ ಮಾತು ಮನೆಗೆ ಬಂದು ತಲುಪುತ್ತದೆ ಅಂತ ಒಮ್ಮೆ ಅನ್ನಿಸಿದರೆ ಮಕ್ಕಳು ಮತ್ತೆ ಬಾಯಿ ಬಿಡುವುದಿಲ್ಲ.

ಅದೇ ಕಾರಣಕ್ಕೆ ಪರಿಚಯದವರ ಹತ್ತಿರ ಥೆರಪಿಗೆ ಹೋಗಬೇಡಿ. "ನಮ್ಮ ಚಿಕ್ಕಮ್ಮನ ಮಗಳೇ ಸೈಕಾಲಜಿಸ್ಟು, ಫೀಸೂ ತಗೊಳಲ್ಲ" ಅನ್ನುತ್ತಾರೆ. ಆಕೆ ಎಷ್ಟೇ ಒಳ್ಳೆಯವಳಿರಲಿ, ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ನಿಮ್ಮ ಮನೆಗೆ ಬರುವವಳು. ನಿಮ್ಮ ಗಂಡನ ಬಗ್ಗೆ, ಅತ್ತೆಯ ಬಗ್ಗೆ ನಿಮಗೆ ಇರುವ ಸಿಟ್ಟನ್ನು ಅವಳ ಮುಂದೆ ಪೂರ್ತಿ ಇಳಿಸಲು ಆಗುವುದಿಲ್ಲ. ತರಬೇತಿ ಪಡೆದವಳಾಗಿದ್ದರೆ ಅವಳೇ ಬೇಡ ಅಂದು ಇನ್ನೊಬ್ಬರ ಹೆಸರು ಕೊಡುತ್ತಾಳೆ.

ಮೊದಲ ಭೇಟಿಯಲ್ಲಿ ಏನಾಗುತ್ತದೆ? ಹೆಚ್ಚಾಗಿ ಅವರೇ ಪ್ರಶ್ನೆ ಕೇಳುತ್ತಾರೆ. ತೊಂದರೆ ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ಮನೆಯಲ್ಲಿ ಯಾರ‍್ಯಾರಿದ್ದಾರೆ, ಕುಡಿತ ಇದೆಯಾ, ಹಿಂದೆ ಚಿಕಿತ್ಸೆ ಆಗಿದೆಯಾ, ಸಾಯುವ ಯೋಚನೆ ಬಂದಿದೆಯಾ. ಕೊನೆಯದನ್ನು ಕೇಳಿದರೆ ಗಾಬರಿಯಾಗಬೇಡಿ, ಎಲ್ಲರನ್ನೂ ಕೇಳುತ್ತಾರೆ, ಕೇಳಲೇಬೇಕು. ನಿಮಗೆ ಹೇಳಲು ಇಷ್ಟವಿಲ್ಲದ್ದನ್ನು ಮೊದಲ ದಿನವೇ ಹೇಳಬೇಕಾಗಿಲ್ಲ. "ಅದರ ಬಗ್ಗೆ ಆಮೇಲೆ ಹೇಳ್ತೀನಿ" ಅಂದರೆ ಸಾಕು. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಮಾತ್ರ ತಪ್ಪದೆ ಒಯ್ಯಿರಿ, ಸಕ್ಕರೆ ಕಾಯಿಲೆಯ ಮಾತ್ರೆಯೂ ಸೇರಿ.

ಯಾವ ಭಾಷೆಯಲ್ಲಿ ಮಾತಾಡುತ್ತೀರಿ ಅನ್ನುವುದನ್ನು ಫೋನಿನಲ್ಲೇ ಕೇಳಿ. ಇದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ನಮ್ಮ ಥೆರಪಿಸ್ಟರು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಅಳು, ಸಿಟ್ಟು, ನಾಚಿಕೆ ನಮಗೆ ಬರುವುದು ಮನೆಮಾತಿನಲ್ಲಿ. ಮದ್ದೂರು ಕಡೆಯ ಹೆಣ್ಣುಮಗಳೊಬ್ಬಳು "ಎದೆ ಮೇಲೆ ಕಲ್ಲು ಹೇರ್ದಂಗಾಯ್ತದೆ, ಕೈಕಾಲ್ ಬಿದ್ದೋಯ್ತವೆ" ಅಂದಾಗ, ಅದು ದೇಹದ ನೋವೂ ಹೌದು, ಮನಸ್ಸಿನ ಮಾತೂ ಹೌದು ಅಂತ ಕೇಳಿಸಿಕೊಳ್ಳುವ ಕಿವಿ ಎದುರಿಗಿರಬೇಕು. ಕನ್ನಡದಲ್ಲಿ ಆರಾಮಾಗಿ ಮಾತಾಡಲು ಆಗದ ಥೆರಪಿಸ್ಟ್ ಎಷ್ಟೇ ಪದವಿ ಪಡೆದಿದ್ದರೂ ಅವಳಿಗೆ ಉಪಯೋಗವಿಲ್ಲ. ಉರ್ದು, ತಮಿಳು, ತೆಲುಗು ಮನೆಮಾತಿನವರಿಗೂ ಇದೇ ಮಾತು.

ನೀವು ಕೇಳಬೇಕಾದ ಇನ್ನೊಂದು: "ನಾವಿಲ್ಲಿ ಏನು ಮಾಡ್ತೀವಿ?" ಈ ಪ್ರಶ್ನೆಗೆ ಸಿಗುವ ಉತ್ತರ ನಿಮಗೆ ಅರ್ಥವಾಗುವಂತಿರಬೇಕು. ಗೀಳು ಕಾಯಿಲೆ, ಅಂದರೆ ಒ.ಸಿ.ಡಿ., ಇರುವವರಿಗೆ ಹೆದರಿಸುವ ವಸ್ತುವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಿ, ಕೈ ತೊಳೆಯುವಂಥ ಚಟುವಟಿಕೆಯನ್ನು ತಡೆಹಿಡಿಯುವ ಒಂದು ನಿರ್ದಿಷ್ಟ ಪದ್ಧತಿ ಇದೆ. ಅದು ಗೊತ್ತಿಲ್ಲದವರು ತಿಂಗಳುಗಟ್ಟಲೆ ಸಮಾಧಾನ ಹೇಳುತ್ತಾ ಹೋದರೆ ಕಾಯಿಲೆ ಇನ್ನೂ ಬೇರುಬಿಡುತ್ತದೆ. ದುಃಖದಲ್ಲಿರುವವರಿಗೆ ಮಾತ್ರ ಬೇಕಿರುವುದು ಬೇರೆ, ಕೇಳಿಸಿಕೊಳ್ಳುವುದೇ ಅಲ್ಲಿ ದೊಡ್ಡ ಕೆಲಸ. ಯಾವುದಕ್ಕೆ ಯಾವ ದಾರಿ, ಎಷ್ಟು ಕಾಲ, ಮನೆಯಲ್ಲಿ ಮಾಡಬೇಕಾದ ಅಭ್ಯಾಸ ಏನಾದರೂ ಇದೆಯಾ, ಸುಧಾರಿಸುತ್ತಿದ್ದೇನೆ ಅಂತ ತಿಳಿಯುವುದು ಹೇಗೆ ಅಂತ ಕೇಳಿ.

ಪದ್ಧತಿಯಷ್ಟೇ ಮುಖ್ಯವಾದದ್ದು ನಿಮ್ಮಿಬ್ಬರ ನಡುವಿನ ಸಂಬಂಧ. ಎಡ್ವರ್ಡ್ ಬೋರ್ಡಿನ್ ಅನ್ನುವ ಮನಃಶಾಸ್ತ್ರಜ್ಞ 1979ರಲ್ಲಿ ಇದನ್ನು ಮೂರು ಅಂಶವಾಗಿ ವಿವರಿಸಿದರು: ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ, ಅದಕ್ಕೆ ಏನು ಮಾಡಬೇಕು ಅನ್ನುವುದರಲ್ಲಿ ಒಪ್ಪಿಗೆ, ಜೊತೆಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ. ಆಮೇಲೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿರುವುದು, ಈ ಸಂಬಂಧ ಗಟ್ಟಿಯಾಗಿದ್ದ ಕಡೆ ಫಲಿತಾಂಶವೂ ಚೆನ್ನಾಗಿರುತ್ತದೆ ಅಂತ. ನಾಲ್ಕೈದು ಭೇಟಿ ಆದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇವರ ಮುಂದೆ ನಾನು ಸುಳ್ಳು ಹೇಳುತ್ತಿದ್ದೇನಾ? ಅವರನ್ನು ಮೆಚ್ಚಿಸಲು 'ಪರವಾಗಿಲ್ಲ, ಈಗ ಚೆನ್ನಾಗಿದ್ದೀನಿ' ಅನ್ನುತ್ತಿದ್ದೇನಾ? ಹೌದು ಅನ್ನಿಸಿದರೆ ಅದನ್ನೇ ಅವರ ಮುಂದೆ ಹೇಳಿ. ಅದಕ್ಕೆ ಅವರು ಹೇಗೆ ಸ್ಪಂದಿಸುತ್ತಾರೆ ಅನ್ನುವುದರಲ್ಲೇ ಮುಂದುವರಿಯಬೇಕಾ ಬೇಡವಾ ಅನ್ನುವುದು ಗೊತ್ತಾಗುತ್ತದೆ. ಹಾಗಂತ ಒಂದು ಭೇಟಿಯಿಂದ ಅಳುತ್ತಾ ಹೊರಬಂದ ಮಾತ್ರಕ್ಕೆ ಥೆರಪಿ ಕೆಟ್ಟದ್ದು ಅನ್ನಬೇಡಿ. ಹೂತಿಟ್ಟದ್ದನ್ನು ಹೊರಗೆ ತೆಗೆದಾಗ ಒಂದೆರಡು ದಿನ ಮನಸ್ಸು ಭಾರವಾಗುವುದು ಉಂಟು. ವಾರಗಟ್ಟಲೆ ಹಾಗೇ ಉಳಿದರೆ ಮಾತ್ರ ಚರ್ಚಿಸಬೇಕು.

ಯಾವಾಗ ಎದ್ದು ಬರಬೇಕು ಅಂತಲೂ ಹೇಳಬೇಕು. ಮನೋವೈದ್ಯರು ಬರೆದ ಮಾತ್ರೆಯನ್ನು ನಿಲ್ಲಿಸಿ ಅಂತ ವೈದ್ಯರಲ್ಲದವರು ಹೇಳಿದರೆ ಎದ್ದು ಬನ್ನಿ. ತಮ್ಮ ಕ್ಷೇತ್ರಕ್ಕೆ ಸೇರದ ಔಷಧಿ, ಚಿಕಿತ್ಸೆಯನ್ನು ಹೇಳುವಂತಿಲ್ಲ ಅಂತ ಅದೇ 2017ರ ಕಾಯ್ದೆಯಲ್ಲೇ ಇದೆ. ಇಂತಿಷ್ಟು ದಿನದಲ್ಲಿ ಗುಣವಾಗುವುದು ಗ್ಯಾರಂಟಿ ಅಂದರೆ, ಬೇರೆ ಕ್ಲೈಂಟುಗಳ ಕಥೆಯನ್ನು ಗುರುತು ಸಿಗುವ ಹಾಗೆ ಹೇಳಿದರೆ, ಜಾತಕ ತರಿಸಿದರೆ, ಹೊರಗೆ ಭೇಟಿಯಾಗೋಣ ಅಂತ ಮೆಸೇಜು ಕಳಿಸಿದರೆ, ಮೈ ಮುಟ್ಟಿದರೆ ಎರಡನೆಯ ಸಲ ಯೋಚಿಸಬೇಡಿ. ಸಲಿಂಗ ಆಕರ್ಷಣೆಯನ್ನು 'ಸರಿ ಮಾಡಿಕೊಡ್ತೀನಿ' ಅನ್ನುವವರೂ ಇದ್ದಾರೆ. ಅದು ಕಾಯಿಲೆಯೇ ಅಲ್ಲ. ಹಾಗೆ ಬದಲಾಯಿಸುವ ಚಿಕಿತ್ಸೆಯನ್ನು ವೈದ್ಯರ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅಂಥವರ ಹತ್ತಿರ ಮಕ್ಕಳನ್ನು ದಯವಿಟ್ಟು ಕರೆದೊಯ್ಯಬೇಡಿ.

ಇನ್ನೊಂದು, ಹೆಣ್ಣುಮಕ್ಕಳಿಗಾಗಿ. ಗಂಡ ಹೊಡೆಯುತ್ತಾನೆ ಅಂತ ಹೇಳಿಕೊಂಡಾಗ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ, ಮಕ್ಕಳ ಮುಖ ನೋಡು" ಅನ್ನುವ ಮಾತು ಥೆರಪಿಯ ಕೋಣೆಯಲ್ಲೂ ಕೇಳಿಬರುತ್ತದೆ. ಅದು ಥೆರಪಿ ಅಲ್ಲ. ಹೊಡೆತದ ವಿಷಯದಲ್ಲಿ ಮೊದಲು ನೋಡಬೇಕಾದ್ದು ನಿಮ್ಮ ಜೀವದ ಭದ್ರತೆ. 181 ಮಹಿಳಾ ಸಹಾಯವಾಣಿ ಇದೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಇವುಗಳ ಬಗ್ಗೆ ಹೇಳದ ಥೆರಪಿಸ್ಟ್ ತನ್ನ ಕೆಲಸದಲ್ಲಿ ಅರ್ಧ ಬಿಟ್ಟಿದ್ದಾರೆ.

ಆನ್‌ಲೈನ್ ಥೆರಪಿ ಬಗ್ಗೆ ಚಿಕ್ಕದಾಗಿ. ಪರಿಣಾಮದಲ್ಲಿ ಅದು ಕಡಿಮೆ ಅಂತ ಅಂದುಕೊಳ್ಳಬೇಡಿ, ಬಹಳ ಮಂದಿಗೆ ಅನುಕೂಲವಾಗಿದೆ. ಆದರೆ ಎಲ್ಲಿ ಕೂತು ಮಾತಾಡುತ್ತೀರಿ? ಎರಡು ರೂಮಿನ ಮನೆಯಲ್ಲಿ ಪಕ್ಕದಲ್ಲೇ ಅಜ್ಜಿ ಟಿ.ವಿ. ನೋಡುತ್ತಿದ್ದರೆ ಬಾಯಿ ಬರುವುದಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ ಇಯರ್‌ಫೋನಿನಲ್ಲಿ ಮಾತಾಡುವ ವಿದ್ಯಾರ್ಥಿಗಳಿದ್ದಾರೆ. ಆಗಲಿ, ಆದರೆ ಅಳು ಬಂದರೆ ಕೂರಲು ಒಂದು ಜಾಗ ನೋಡಿಟ್ಟುಕೊಂಡಿರಿ. ದೂರದಲ್ಲಿರುವ ಥೆರಪಿಸ್ಟ್ ಹತ್ತಿರ ನಿಮ್ಮ ವಿಳಾಸ ಮತ್ತು ತುರ್ತಿಗೆ ಒಬ್ಬ ಆಪ್ತರ ನಂಬರ್ ಇರಲೇಬೇಕು.

ಕೊನೆಯದಾಗಿ, ಥೆರಪಿಸ್ಟ್ ಇಪ್ಪತ್ತನಾಲ್ಕು ಗಂಟೆ ಸಿಗುವವರಲ್ಲ. ಎರಡು ಭೇಟಿಗಳ ನಡುವೆ, ರಾತ್ರಿ ಎರಡು ಗಂಟೆಗೆ ಮನಸ್ಸು ಕೈಮೀರಿದರೆ ಏನು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416, ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಪ್ರಾಣಕ್ಕೆ ಅಪಾಯ ಅನ್ನುವ ಗಳಿಗೆಯಲ್ಲಿ 112ಕ್ಕೆ ಫೋನ್ ಮಾಡಿ, ಇಲ್ಲವೇ ನೇರವಾಗಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಈ ಎರಡು ನಂಬರನ್ನು ಈಗಲೇ ಫೋನಿಗೆ ಹಾಕಿಕೊಳ್ಳಿ, ನಾನು ಕಾಯುತ್ತೇನೆ.

ಪ್ರಶ್ನೆಗಳು

ಒಬ್ಬ ವಿದ್ಯಾರ್ಥಿ ಕೇಳಿದ: "ಮ್ಯಾಮ್, ಥೆರಪಿಗೆ ಹೋದ್ರೆ ಮುಂದೆ ಸರ್ಕಾರಿ ಕೆಲಸಕ್ಕೆ ತೊಂದರೆ ಆಗುತ್ತಾ?"

ಆಪ್ತಸಮಾಲೋಚನೆಗೆ ಹೋದವರ ಹೆಸರೆಲ್ಲ ಯಾವುದೋ ಸರ್ಕಾರಿ ಪಟ್ಟಿಗೆ ಸೇರುತ್ತದೆ ಅನ್ನುವ ಭಯ ಬೇಡಪ್ಪ. ಖಾಸಗಿ ಥೆರಪಿಸ್ಟ್ ನಿಮ್ಮ ಒಪ್ಪಿಗೆ ಇಲ್ಲದೆ ಕೆಲಸ ಕೊಡುವವರಿಗೆ ವಿವರ ಕೊಡುವಂತಿಲ್ಲ. ಕೆಲವು ಹುದ್ದೆಗಳಿಗೆ ವೈದ್ಯಕೀಯ ಪರೀಕ್ಷೆ ಇರುತ್ತದೆ, ಅಲ್ಲಿ ಕೇಳಿದ ಪ್ರಶ್ನೆಗೆ ಸತ್ಯವನ್ನೇ ಹೇಳಬೇಕು. ನೀನು ಪರೀಕ್ಷೆಗೆ ಕೂರುವ ಹೊತ್ತಿಗೆ ನಿದ್ದೆ ಸರಿಹೋಗಿ, ಓದಲು ಆಗುವಂತಾಗಿದ್ದರೆ, ಕೆಲಸಕ್ಕೆ ಅದರಿಂದ ಲಾಭವೇ.

ಒಬ್ಬರು ತಂದೆ: "ಮಗಳು ಬರಲ್ಲ ಅಂತಾಳೆ. ಹೇಗೆ ಕರ್ಕೊಂಡು ಹೋಗೋದು?"

ಎಷ್ಟು ವಯಸ್ಸು ಸರ್? ಇಪ್ಪತ್ತೊಂದಾ. ಹಾಗಾದರೆ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. 'ಕಣ್ಣು ಪರೀಕ್ಷೆ' ಅಂತ ಹೇಳಿ ಸೈಕಾಲಜಿಸ್ಟ್ ಮುಂದೆ ಕೂರಿಸಿದರೆ ಆ ದಿನವೇ ಎಲ್ಲ ಮುಗಿಯುತ್ತದೆ. ಮೊದಲು ನೀವು ದಂಪತಿ ಹೋಗಿ. ಅವಳ ಜೊತೆ ಹೇಗೆ ಮಾತಾಡಬೇಕು ಅಂತ ಕೇಳುವುದಕ್ಕೂ ಥೆರಪಿಸ್ಟ್ ಹತ್ತಿರ ಹೋಗಬಹುದು. ಆಮೇಲೆ ಎರಡು ಮೂರು ಹೆಸರು ಅವಳ ಕೈಗೆ ಕೊಟ್ಟು, ಯಾರು ಅಂತ ಅವಳೇ ಆರಿಸಲಿ. ಪ್ರಾಣಕ್ಕೆ ಅಪಾಯದ ಸೂಚನೆ ಕಂಡರೆ ಮಾತ್ರ ಕಾಯಬೇಡಿ.

ಮಂಡ್ಯದಿಂದ ಬಂದಿದ್ದ ಒಬ್ಬರು: "ಮೇಡಮ್ಮೋರೆ, ನಾನು ಮೂರ್ನಾಕು ಸಲ ಹೋದೆ. ಅವ್ರು ಒಳ್ಳೇರೇಯ. ಆದ್ರೆ ಯಾಕೋ ನಂಗೆ ಸರಿಹೋಗ್ನಿಲ್ಲ. ಇನ್ ಬರಕಿಲ್ಲ ಅಂತ ಹೆಂಗೆ ಹೇಳದು? ಬೇಜಾರ್ ಮಾಡ್ಕಂತಾರೆ."

ಅಕ್ಕಾ, ಇದನ್ನು ಕೇಳಿದ್ದಕ್ಕೆ ಬಹಳ ಸಂತೋಷ. ಎಷ್ಟೋ ಜನ ಹೇಳದೆ ಕೇಳದೆ ನಿಲ್ಲಿಸಿಬಿಡುತ್ತಾರೆ. ಬದಲಾಯಿಸುವುದು ಇಲ್ಲಿ ಮಾಮೂಲಿ, ಅವರಿಗೂ ಅದು ಗೊತ್ತಿರುತ್ತದೆ. ಇಷ್ಟು ಹೇಳಿ: "ನಿಮ್ಮಿಂದ ಉಪಕಾರ ಆಗಿದೆ, ಆದರೆ ನನಗೆ ಬೇರೆ ಥರದ ಸಹಾಯ ಬೇಕು ಅನ್ನಿಸ್ತಿದೆ. ನಿಮಗೆ ಗೊತ್ತಿರೋ ಇನ್ನೊಬ್ಬರ ಹೆಸರು ಹೇಳ್ತೀರಾ?" ಎದುರಿಗೆ ಹೇಳಲು ಸಂಕೋಚವಾದರೆ ಮೆಸೇಜು ಬರೆದು ಕಳಿಸಿ. ಜೊತೆಗೆ, ಇಲ್ಲಿಯವರೆಗೆ ಏನು ಮಾಡಿದೆವು ಅಂತ ಒಂದು ಪುಟದ ವರದಿ ಕೇಳಿ ತಗೊಳಿ. ನಿಮ್ಮ ಪ್ರಾಥಮಿಕ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ಅದೇ 2017ರ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಇದೆ. ಆ ಪುಟ ಕೈಯಲ್ಲಿದ್ದರೆ ಹೊಸಬರ ಹತ್ತಿರ ಎಲ್ಲವನ್ನೂ ಮೊದಲಿನಿಂದ ಹೇಳುವ ಕಷ್ಟ ತಪ್ಪುತ್ತದೆ.